ಜೀರ್ಣೋದ್ಧಾರವೂ ಸಂರಕ್ಷಣೆಯೂ: ಒಂದು ನೌಕಾ ಯುದ್ಧವಿಮಾನದ ನಿದರ್ಶನ

೧

ಇತಿಹಾಸದ ಆಕರಗಳೆಂದೊಡನೆ ನಮ್ಮ ಮನಸ್ಸು ಶಾಸನ, ನಾಣ್ಯ, ಓಲೆಗರಿ, ದಫ್ತರಗಳ ಕಡೆಗೆ ಹರಿಯುವುದು ಸಹಜ. ಇವನ್ನು ಓದುವ ಕ್ರಮವನ್ನು ನಮ್ಮ ವಿದ್ವಾಂಸರು ಒಂದು ಶತಮಾನಕ್ಕೂ ಮಿಕ್ಕ ಕಾಲದಿಂದ ಬೆಳೆಸಿಕೊಂಡು ಬಂದಿದ್ದಾರೆ. ಆದರೆ ಇಪ್ಪತ್ತನೆಯ ಶತಮಾನವು ಕಾಗದದ ದಾಖಲೆಗಳ ಜೊತೆಗೆ ಇನ್ನೊಂದು ಬಗೆಯ ಆಕರವನ್ನೂ ನಮಗೆ ಬಿಟ್ಟುಹೋಗಿದೆ. ಅದೇ ಯಂತ್ರ. ಕಾರ್ಖಾನೆಯಲ್ಲಿ ಸಾವಿರಗಟ್ಟಲೆಯಾಗಿ ತಯಾರಾದ ಒಂದು ವಸ್ತುವಿನಲ್ಲಿ ಓದುವುದಕ್ಕೆ ಏನಿದೆ, ಅದರ ನಕ್ಷೆಗಳೂ ಕೈಪಿಡಿಗಳೂ ದೊರೆಯುತ್ತಿರುವಾಗ ವಸ್ತುವನ್ನೇ ಏಕೆ ಪ್ರಶ್ನಿಸಬೇಕು ಎಂಬ ಸಂದೇಹ ವಾಚಕರಿಗೆ ಬರಬಹುದು. ಈ ಸಂದೇಹಕ್ಕೆ ಉತ್ತರವಾಗಿ ಒಂದೇ ಒಂದು ವಸ್ತುವನ್ನು ನಿದರ್ಶನವಾಗಿ ಇಟ್ಟುಕೊಂಡು, ವಸ್ತುಸಂಗ್ರಹಾಲಯಗಳ ಕೆಲಸದಲ್ಲಿ ಎದುರಾಗುವ ಒಂದು ಮೂಲಭೂತ ಪ್ರಶ್ನೆಯನ್ನು ಈ ಲೇಖನದಲ್ಲಿ ವಿವೇಚಿಸಲು ನಾವು ಪ್ರಯತ್ನಿಸುತ್ತೇವೆ.

ಆ ವಸ್ತು ಇಂಗ್ಲೆಂಡಿನ ಸಾಮರ್ಸೆಟ್ ಪ್ರಾಂತದ ಯೋವಿಲ್ಟನ್ನಿನಲ್ಲಿರುವ ಬ್ರಿಟಿಷ್ ನೌಕಾ ವಿಮಾನದಳದ ವಸ್ತುಸಂಗ್ರಹಾಲಯದಲ್ಲಿದೆ. ಅದು ಕೋರ್ಸೇರ್ ಎಂಬ ಜಾತಿಯ, ಪಿಸ್ಟನ್ ಎಂಜಿನಿನ, ಒಬ್ಬನೇ ಚಾಲಕನು ಕುಳಿತು ಹಾರಿಸುವ ಯುದ್ಧವಿಮಾನ. ಅದರ ಕ್ರಮಸಂಖ್ಯೆ ಕೆಡಿ ೪೩೧. ನೋಡುವವರ ಕಣ್ಣಿಗೆ ಅದು ಮಾಸಲು ಬಣ್ಣದ, ಅಲ್ಲಲ್ಲಿ ಸಿಪ್ಪೆಯೆದ್ದ, ತೇಪೆಗಳಿಂದ ಕೂಡಿದ ಹಳೆಯ ಯಂತ್ರವಾಗಿ ಕಾಣುತ್ತದೆ. ಸುತ್ತಲಿನ ಹೊಳೆಯುವ ವಿಮಾನಗಳ ನಡುವೆ ಇದನ್ನು ಯಾರೂ ಸರಿಯಾಗಿ ನೋಡಿಕೊಂಡಿಲ್ಲವೆಂದು ತೋರಿದರೂ ತೋರೀತು. ವಸ್ತುಸ್ಥಿತಿಯಾದರೋ ಇದಕ್ಕೆ ತೀರ ವಿರುದ್ಧವಾಗಿದೆ. ಈ ಮಾಸಲು ರೂಪವನ್ನು ಹೊರತೆಗೆಯುವುದಕ್ಕಾಗಿಯೇ ಈ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿನ ತಜ್ಞರು ದೀರ್ಘಕಾಲ ದುಡಿದರು.

ಮುಂದಿನ ವಿವೇಚನೆಗೆ ಎರಡು ಮಾತುಗಳನ್ನು ಬೇರ್ಪಡಿಸಿಕೊಳ್ಳುವುದು ಅಗತ್ಯ. ಹಾಳಾದುದನ್ನು ಮತ್ತೆ ಹೊಸದರಂತೆ ಮಾಡುವುದು ಜೀರ್ಣೋದ್ಧಾರ. ಇರುವುದನ್ನು ಇರುವಂತೆಯೇ ಮತ್ತಷ್ಟು ಕೆಡದ ಹಾಗೆ ಕಾಪಾಡುವುದು ಸಂರಕ್ಷಣೆ. ದಿನನಿತ್ಯದ ಮಾತಿನಲ್ಲಿ ನಾವು ಇವೆರಡನ್ನೂ ಒಂದೇ ಅರ್ಥದಲ್ಲಿ ಬಳಸುವುದುಂಟು. ಎರಡೂ ಒಳ್ಳೆಯ ಕೆಲಸಗಳೆಂದೇ ಎಣಿಸುವುದೂ ಉಂಟು. ಆದರೆ ಇವು ಎಷ್ಟೋ ಸಲ ಒಂದಕ್ಕೊಂದು ವಿರೋಧವಾಗಿ ನಿಲ್ಲುತ್ತವೆ. ಒಂದನ್ನು ಆರಿಸಿದರೆ ಇನ್ನೊಂದನ್ನು ಕಳೆದುಕೊಳ್ಳಬೇಕಾಗುತ್ತದೆ. ಕೆಡಿ ೪೩೧ರ ಕಥೆ ಈ ವಿರೋಧವನ್ನು ಸ್ಪಷ್ಟವಾಗಿ ತೋರಿಸಿಕೊಡುತ್ತದೆ.

೨

ವಿಮಾನದ ಮೈಮೇಲಿನ ಗುರುತುಗಳನ್ನು ಓದುವುದಕ್ಕೆ ಮುನ್ನ ಅದರ ಆಕಾರ ಹಾಗೇಕೆ ಇದೆ ಎಂಬುದನ್ನು ತಿಳಿದುಕೊಳ್ಳಬೇಕು. ಕೋರ್ಸೇರ್ ಅಮೆರಿಕದ ವಾಟ್ ಕಂಪನಿಯ ನಿರ್ಮಾಣ. ರೆಕ್ಸ್ ಬೀಸೆಲ್ ಎಂಬ ಎಂಜಿನಿಯರನ ನೇತೃತ್ವದಲ್ಲಿ ರೂಪುಗೊಂಡ ಇದರ ಮೊದಲ ಮಾದರಿಯು ೧೯೪೦ರ ಮೇ ೨೯ರಂದು ಹಾರಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅದು ಗಂಟೆಗೆ ೪೦೦ ಮೈಲಿಗೂ ಮೀರಿದ ವೇಗವನ್ನು ಮುಟ್ಟಿತು. ವಿಮಾನವಾಹಕ ನೌಕೆಯ ಮೇಲಿಂದ ಏಳಬೇಕಾದ ಒಂದು ವಿಮಾನಕ್ಕೆ ಇದು ಆ ಕಾಲದಲ್ಲಿ ಅಸಾಧಾರಣವಾದ ವೇಗ.

ಈ ವೇಗದ ಮೂಲ ಅದರ ಎಂಜಿನು. ಪ್ರ್ಯಾಟ್ ಅಂಡ್ ವಿಟ್ನಿ ಕಂಪನಿಯ 'ಡಬಲ್ ವಾಸ್ಪ್' ಎಂಬ ಈ ಎಂಜಿನಿನಲ್ಲಿ ಒಂಬತ್ತೊಂಬತ್ತರ ಎರಡು ಸುತ್ತುಗಳಾಗಿ, ನಕ್ಷತ್ರದ ಕಿರಣಗಳಂತೆ ಜೋಡಿಸಿದ ೧೮ ಸಿಲಿಂಡರುಗಳಿವೆ. ಇವುಗಳ ಒಟ್ಟು ಗಾತ್ರ ೨,೮೦೦ ಘನ ಅಂಗುಲ, ಎಂದರೆ ಸುಮಾರು ೪೬ ಲೀಟರು; ಶಕ್ತಿ ಸುಮಾರು ೨,೦೦೦ ಅಶ್ವಬಲ. ಇಷ್ಟು ಶಕ್ತಿಯನ್ನು ಗಾಳಿಯ ಮೇಲೆ ಪ್ರಯೋಗಿಸಬೇಕಾದರೆ ಪ್ರೊಪೆಲರಿನ ಅಲಗುಗಳು ಉದ್ದವಾಗಿರಬೇಕು. ಕಡಿಮೆ ಗಾಳಿಯನ್ನು ಅತಿವೇಗವಾಗಿ ಹಿಂದಕ್ಕೆ ತಳ್ಳುವುದಕ್ಕಿಂತ ಹೆಚ್ಚು ಗಾಳಿಯನ್ನು ಮಿತವಾದ ವೇಗದಲ್ಲಿ ತಳ್ಳುವುದರಿಂದ ಶಕ್ತಿಯ ಅಪವ್ಯಯ ತಗ್ಗುತ್ತದೆ. ಆದುದರಿಂದ ಕೋರ್ಸೇರಿಗೆ ೧೩ ಅಡಿಗೂ ಮಿಕ್ಕ ವ್ಯಾಸದ ಪ್ರೊಪೆಲರನ್ನು ಅಳವಡಿಸಿದರು. ಒಂದೇ ಎಂಜಿನಿನ ಯುದ್ಧವಿಮಾನಕ್ಕೆ ಅಲ್ಲಿಯವರೆಗೆ ಇಂಥ ದೊಡ್ಡ ಪ್ರೊಪೆಲರು ಇರಲಿಲ್ಲ.

ಇಲ್ಲಿ ಒಂದು ತೊಡಕು ಹುಟ್ಟಿತು. ಇಷ್ಟು ದೊಡ್ಡ ಪ್ರೊಪೆಲರು ನೆಲಕ್ಕೆ ತಗುಲದಂತೆ ವಿಮಾನದ ಮೂತಿಯನ್ನು ಎತ್ತರದಲ್ಲಿ ನಿಲ್ಲಿಸಬೇಕು. ಅದಕ್ಕಾಗಿ ಚಕ್ರಗಳ ಕಾಲನ್ನು ಉದ್ದಮಾಡಿದರೆ, ತೇಲುವ ನೌಕೆಯ ಡೆಕ್ಕಿನ ಮೇಲೆ ಅಪ್ಪಳಿಸಿದಂತೆ ಇಳಿಯುವಾಗ ಆ ಕಾಲು ಮುರಿದೀತು. ಕಾಲು ಗಿಡ್ಡವಾಗಿಯೂ ಬಲವಾಗಿಯೂ ಇರಬೇಕು, ಮೂತಿ ಎತ್ತರದಲ್ಲಿಯೂ ಇರಬೇಕು. ಈ ತೊಡಕಿಗೆ ಬೀಸೆಲ್ ಕಂಡುಕೊಂಡ ಪರಿಹಾರವೇ ಕೋರ್ಸೇರಿನ ಪ್ರಸಿದ್ಧವಾದ ಬಾಗುರೆಕ್ಕೆ. ರೆಕ್ಕೆಯು ಒಡಲಿನಿಂದ ಹೊರಟು ಮೊದಲು ಕೆಳಕ್ಕೆ ಇಳಿದು, ಅನಂತರ ಮೇಲಕ್ಕೆ ಏರುತ್ತದೆ. ಇಳಿದ ತುದಿಯಲ್ಲಿ, ಎಂದರೆ ನೆಲಕ್ಕೆ ಅತಿ ಸಮೀಪವಾದ ಬಿಂದುವಿನಲ್ಲಿ, ಚಕ್ರದ ಕಾಲನ್ನು ಕೂಡಿಸಿದ್ದಾರೆ. ಇದರಿಂದ ಇನ್ನೊಂದು ಲಾಭವೂ ದೊರೆಯಿತು: ರೆಕ್ಕೆಯೂ ಒಡಲೂ ಲಂಬಕೋನದಲ್ಲಿ ಸೇರಿದಾಗ ಆ ಸಂಧಿಯಲ್ಲಿ ಗಾಳಿಯ ತಡೆ ಕಡಿಮೆಯಾಗುತ್ತದೆ. ನೌಕೆಯ ಒಳಗೆ ಹೆಚ್ಚು ವಿಮಾನಗಳನ್ನು ತುಂಬುವ ಸಲುವಾಗಿ ರೆಕ್ಕೆಯ ಹೊರಭಾಗವು ಮೇಲಕ್ಕೆ ಮಡಿಚಿಕೊಳ್ಳುವಂತೆಯೂ ಮಾಡಲಾಗಿತ್ತು. ಇಷ್ಟು ನವೀನವಾದ ಈ ವಿಮಾನದಲ್ಲಿಯೂ ಹೊರರೆಕ್ಕೆಯ ಹಿಂಭಾಗಕ್ಕೆ ಲೋಹದ ತಗಡಿನ ಬದಲು ಬಟ್ಟೆಯನ್ನೇ ಹೊದಿಸಿದ್ದರೆಂಬುದು ಗಮನಾರ್ಹ. ಎರಡು ಯುಗಗಳ ತಂತ್ರಗಳು ಒಂದೇ ರೆಕ್ಕೆಯಲ್ಲಿ ಕೂಡಿಕೊಂಡಿವೆ.

ಆದರೆ ನೌಕೆಯ ಮೇಲೆ ಇಳಿಯುವುದು ಕೋರ್ಸೇರಿಗೆ ಸುಲಭವಾಗಲಿಲ್ಲ. ಚಾಲಕನ ಮುಂದೆಯೇ ದೊಡ್ಡ ಇಂಧನದ ತೊಟ್ಟಿ ಇದ್ದುದರಿಂದ ಅವನ ಪೀಠ ಬಹಳ ಹಿಂದಕ್ಕೆ ಸರಿದಿತ್ತು. ಉದ್ದನೆಯ ಮೂತಿಯು ಅವನ ಮುಂದಿನ ನೋಟವನ್ನೆಲ್ಲ ಮರೆಮಾಡುತ್ತಿತ್ತು. ವೇಗ ತಗ್ಗಿ ರೆಕ್ಕೆಯ ಎತ್ತುವ ಬಲ ಕುಸಿಯುವ ಕ್ಷಣದಲ್ಲಿ ಎಡರೆಕ್ಕೆ ಹಠಾತ್ತನೆ ಕೆಳಕ್ಕೆ ಬೀಳುತ್ತಿತ್ತು. ಡೆಕ್ಕನ್ನು ಮುಟ್ಟಿದ ಮೇಲೂ ಚಕ್ರದ ಕಾಲುಗಳು ಪುಟಿಯುತ್ತಿದ್ದುವು. ಈ ಕಾರಣಗಳಿಂದ ಅಮೆರಿಕದ ನೌಕಾಪಡೆಯು ಕೋರ್ಸೇರುಗಳನ್ನು ಮೊದಮೊದಲು ಬಹುಮಟ್ಟಿಗೆ ಭೂನೆಲೆಗಳಿಂದಲೇ ಬಳಸಿತು. ಒಂದೊಂದು ದೋಷಕ್ಕೂ ಒಂದೊಂದು ಪರಿಹಾರ ಕ್ರಮೇಣ ಹುಟ್ಟಿತು. ಚಾಲಕನ ಪೀಠವನ್ನು ಸುಮಾರು ೭ ಅಂಗುಲ ಎತ್ತರಿಸಿದರು. ಬಲರೆಕ್ಕೆಯ ಮುಂಬದಿಗೆ ಒಂದು ಚಿಕ್ಕ ಪಟ್ಟಿಯನ್ನು ಅಂಟಿಸಿ, ಎರಡು ರೆಕ್ಕೆಗಳ ಎತ್ತುವ ಬಲವೂ ಒಂದೇ ಕ್ಷಣದಲ್ಲಿ ಕುಸಿಯುವಂತೆ ಮಾಡಿದರು. ಕಾಲುಗಳ ಆಘಾತನಿವಾರಕಗಳನ್ನು ತಿದ್ದಿದರು. ಬ್ರಿಟಿಷ್ ನೌಕಾಚಾಲಕರು ನೌಕೆಯತ್ತ ನೇರವಾಗಿ ಬರುವುದನ್ನು ಬಿಟ್ಟು, ಕಮಾನಿನಂತೆ ಬಳಸಿಕೊಂಡು ಬಂದು ಇಳಿಯುವ ಪದ್ಧತಿಯನ್ನು ರೂಢಿಸಿಕೊಂಡರು. ಹೀಗೆ ಬಂದರೆ ಡೆಕ್ಕಿನ ಮೇಲೆ ನಿಂತು ಸಂಜ್ಞೆ ಕೊಡುವ ಅಧಿಕಾರಿಯು ಕೊನೆಯವರೆಗೂ ಕಣ್ಣಿಗೆ ಬೀಳುತ್ತಾನೆ. ೧೯೪೪ರ ಏಪ್ರಿಲ್ ೩ರಂದು ನಾರ್ವೆಯ ಕರಾವಳಿಯಲ್ಲಿ ಲಂಗರು ಹಾಕಿದ್ದ ಜರ್ಮನಿಯ ಯುದ್ಧನೌಕೆ 'ಟಿರ್ಪಿಟ್ಜ್' ಮೇಲೆ ದಾಳಿ ನಡೆದಾಗ, ದಾಳಿಯ ವಿಮಾನಗಳ ರಕ್ಷಣೆಗೆಂದು 'ವಿಕ್ಟೋರಿಯಸ್' ನೌಕೆಯಿಂದ ಕೋರ್ಸೇರುಗಳು ಹಾರಿದುವು.

ಬ್ರಿಟಿಷರು ಮಾಡಿಕೊಂಡ ಇನ್ನೊಂದು ಮಾರ್ಪಾಟು ನಮ್ಮ ಪ್ರಸ್ತುತ ವಿಷಯಕ್ಕೆ ಬಹಳ ಉಪಯುಕ್ತ. ಅವರ ಕೆಲವು ನೌಕೆಗಳಲ್ಲಿ ವಿಮಾನಗಳನ್ನು ಇಡುವ ಅಂತಸ್ತಿನ ಎತ್ತರ ೧೬ ಅಡಿ ಮಾತ್ರ ಇದ್ದಿತು. ಮಡಿಚಿ ನಿಲ್ಲಿಸಿದ ಕೋರ್ಸೇರಿನ ರೆಕ್ಕೆ ಅದಕ್ಕಿಂತ ತುಸು ಎತ್ತರವಾಗುತ್ತಿತ್ತು. ಆದುದರಿಂದ ಎರಡು ರೆಕ್ಕೆಗಳ ತುದಿಯನ್ನೂ ೮ ಅಂಗುಲದಷ್ಟು ಕತ್ತರಿಸಿ ಮೊಟಕುಗೊಳಿಸಿದರು. ಅಮೆರಿಕದ ಕೋರ್ಸೇರಿನ ರೆಕ್ಕೆಯ ತುದಿ ದುಂಡಗಿದ್ದರೆ ಬ್ರಿಟಿಷರದು ಚೌಕವಾಗಿ ಕಾಣುವುದು ಇದರಿಂದಲೇ. ಗ್ರಂಥಸಂಪಾದನೆಯ ಭಾಷೆಯಲ್ಲಿ ಹೇಳುವುದಾದರೆ ಇದೊಂದು ಪಾಠಾಂತರ. ನೌಕೆಯ ಒಳಮನೆಯ ಎತ್ತರವು ವಿಮಾನದ ರೆಕ್ಕೆಯ ತುದಿಯಲ್ಲಿ ಬರೆಯಲ್ಪಟ್ಟಿದೆ. ಯಂತ್ರದ ಮೇಲಿನ ಒಂದೊಂದು ವೈಲಕ್ಷಣ್ಯಕ್ಕೂ ಹೀಗೆ ಒಂದು ಕಾರಣವಿರುತ್ತದೆ. ಕಾರಣವನ್ನು ಹುಡುಕಲು ಹೊರಟವನಿಗೆ ಯಂತ್ರವೇ ದಾಖಲೆಯಾಗುತ್ತದೆ.

೩

ಕೋರ್ಸೇರುಗಳಿಗೆ ಯುದ್ಧಕಾಲದಲ್ಲಿ ಬೇಡಿಕೆ ಎಷ್ಟು ಬೆಳೆಯಿತೆಂದರೆ ವಾಟ್ ಕಂಪನಿಯೊಂದರಿಂದಲೇ ಅದನ್ನು ಪೂರೈಸುವುದು ಅಸಾಧ್ಯವಾಯಿತು. ರಬ್ಬರು ಚಕ್ರಗಳಿಗೆ ಹೆಸರಾದ ಗುಡ್‌ಇಯರ್ ಕಂಪನಿಯು ಓಹಾಯೋ ಸಂಸ್ಥಾನದ ಆಕ್ರನ್ ನಗರದಲ್ಲಿ ಇವುಗಳ ತಯಾರಿಕೆಗೆ ತೊಡಗಿ, ಸುಮಾರು ನಾಲ್ಕು ಸಾವಿರ ಕೋರ್ಸೇರುಗಳನ್ನು ಕಟ್ಟಿತು. ಕೆಡಿ ೪೩೧ ಹೀಗೆ ಆಕ್ರನ್ನಿನಲ್ಲಿ ೧೯೪೪ರಲ್ಲಿ ತಯಾರಾದ ವಿಮಾನ. ಬ್ರಿಟಿಷ್ ನೌಕಾಪಡೆಗೆ ಒಟ್ಟು ೨,೦೧೨ ಕೋರ್ಸೇರುಗಳು ದೊರೆತುವೆಂದು ಲೆಕ್ಕವಿದೆ. ಅವುಗಳಲ್ಲಿ ಇದೂ ಒಂದು. ನಾರ್ವೆಯ ದಾಳಿಯ ಕೀರ್ತಿಯಾಗಲಿ, ಪೆಸಿಫಿಕ್ ಸಾಗರದ ಕಾಳಗಗಳ ಕೀರ್ತಿಯಾಗಲಿ ಇದಕ್ಕೆ ಸೇರಿದುದಲ್ಲ. ಪ್ರಸಿದ್ಧನಾದ ಯಾವ ಚಾಲಕನ ಹೆಸರೂ ಇದರ ಜೊತೆಗೆ ಅಂಟಿಕೊಂಡಿಲ್ಲ. ತರುಣರು ನೌಕೆಯ ಮೇಲೆ ಇಳಿಯುವುದನ್ನು ಕಲಿಯುವಂಥ ಹಿಂದಿನ ಸಾಲಿನ ಕೆಲಸದಲ್ಲಿ ಇದರ ಸೇವೆ ಕಳೆಯಿತು.

ಎರಡು ಸಾವಿರಕ್ಕೂ ಮಿಕ್ಕ ವಿಮಾನಗಳು ಎಲ್ಲಿ ಹೋದುವು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಉತ್ತರವು ಯುದ್ಧಕಾಲದ ಒಂದು ಆರ್ಥಿಕ ವ್ಯವಸ್ಥೆಯಲ್ಲಿದೆ. ೧೯೪೧ರ ಮಾರ್ಚಿಯಲ್ಲಿ ಅಮೆರಿಕವು ಅಂಗೀಕರಿಸಿದ 'ಲೆಂಡ್-ಲೀಸ್' ಶಾಸನದ ಮೇರೆಗೆ ಈ ವಿಮಾನಗಳು ಬ್ರಿಟನ್ನಿಗೆ ಎರವಲಾಗಿ ಬಂದಿದ್ದುವು. ೧೯೪೫ರಲ್ಲಿ ಯುದ್ಧ ಮುಗಿದೊಡನೆ ಈ ವ್ಯವಸ್ಥೆಯೂ ಮುಗಿಯಿತು. ಉಳಿದ ವಿಮಾನಗಳನ್ನು ಇಟ್ಟುಕೊಳ್ಳಬೇಕಾದರೆ ಬೆಲೆ ಕೊಡಬೇಕು. ಇಲ್ಲವಾದರೆ ಹಿಂದಿರುಗಿಸಬೇಕು ಅಥವಾ ನಾಶಮಾಡಬೇಕು. ಯುದ್ಧದಿಂದ ಬಳಲಿದ ಬ್ರಿಟನ್ನಿಗೆ ಬೆಲೆ ಕೊಡುವ ಶಕ್ತಿಯಿರಲಿಲ್ಲ. ಹೊಸ ವಿಮಾನಗಳನ್ನು ರಾಶಿರಾಶಿಯಾಗಿ ಉಳ್ಳ ಅಮೆರಿಕಕ್ಕೆ ಅವು ಬೇಕಾಗಿಯೂ ಇರಲಿಲ್ಲ. ಪರಿಣಾಮವಾಗಿ ಅನೇಕ ವಿಮಾನಗಳನ್ನು ಒಡೆದು ಗುಜರಿಗೆ ಹಾಕಿದರು. ಆಸ್ಟ್ರೇಲಿಯದ ಕರಾವಳಿಯಾಚೆಯಂಥ ಕಡೆಗಳಲ್ಲಿ ಹಾರಲು ಯೋಗ್ಯವಾಗಿದ್ದ ವಿಮಾನಗಳನ್ನು ಕೂಡ ನೌಕೆಗಳಿಂದ ನೂಕಿ ಸಮುದ್ರಕ್ಕೆ ತಳ್ಳಿದರು. ಸಮರದಲ್ಲಿ ಉಳಿದುದು ಲೆಕ್ಕಪತ್ರದಲ್ಲಿ ಉಳಿಯಲಿಲ್ಲ.

ಕೆಡಿ ೪೩೧ ಉಳಿದುದಕ್ಕೆ ಕಾರಣ ಅದರ ಗೌರವವಲ್ಲ, ಅದರ ಉಪಯೋಗ. ೧೯೪೬ರಲ್ಲಿ ಕ್ರ್ಯಾನ್‌ಫೀಲ್ಡಿನಲ್ಲಿ ವಿಮಾನವಿಜ್ಞಾನದ ಕಾಲೇಜು ಸ್ಥಾಪಿತವಾಯಿತು. ವಿದ್ಯಾರ್ಥಿಗಳು ಮುಟ್ಟಿ, ಬಿಚ್ಚಿ, ನೋಡಿ ಕಲಿಯಲು ಅಲ್ಲಿಗೆ ವಿಮಾನಗಳು ಬೇಕಾಗಿದ್ದುವು. ಆ ಉದ್ದೇಶಕ್ಕಾಗಿ ಇದನ್ನು ಅಲ್ಲಿಗೆ ಕೊಟ್ಟರು. ಪಾಠದ ವಸ್ತುವಾದ ವಿಮಾನ ಹಾರುವುದಿಲ್ಲ. ಹಾರದುದರಿಂದ ಅದರ ಭಾಗಗಳನ್ನು ಬದಲಿಸುವ, ಮತ್ತೆ ಬಣ್ಣ ಬಳಿಯುವ ಅಗತ್ಯ ಬೀಳುವುದಿಲ್ಲ. ಸೈನ್ಯದ ಸೇವೆಯಲ್ಲಿಯೇ ಇನ್ನು ಹತ್ತು ವರ್ಷ ಮುಂದುವರಿದಿದ್ದರೆ ಅದರ ಮೂಲರೂಪದ ಬಹುಭಾಗ ಕಳೆದುಹೋಗುತ್ತಿದ್ದಿತು. ೧೯೬೩ರಲ್ಲಿ ಅದು ಯೋವಿಲ್ಟನ್ನಿಗೆ ಬಂದಿತು. ಮರುವರ್ಷ ವಸ್ತುಸಂಗ್ರಹಾಲಯವು ಸಾರ್ವಜನಿಕರಿಗೆ ತೆರೆಯಿತು. ಪ್ರದರ್ಶನಕ್ಕೆ ಇಡುವ ವಸ್ತು ನೋಡಲು ಚೆನ್ನಾಗಿರಬೇಕೆಂಬ ಆ ಕಾಲದ ಭಾವನೆಗೆ ಅನುಗುಣವಾಗಿ ಅದರ ಮೈಮೇಲೆಲ್ಲ ಹೊಸ ಬಣ್ಣವನ್ನು ಬಳಿದರು. ಇದು ಯಾರ ಉದಾಸೀನತೆಯೂ ಅಲ್ಲ. ಪ್ರೀತಿಯಿಂದಲೇ ಮಾಡಿದ ಕೆಲಸ. ನಮ್ಮಲ್ಲಿ ದೇವಾಲಯದ ಗೋಡೆಯ ಶಾಸನದ ಮೇಲೆ ಹಬ್ಬಕ್ಕೆಂದು ಸುಣ್ಣ ಬಳಿಯುವವರೂ ಭಕ್ತಿಯಿಂದಲೇ ಬಳಿಯುತ್ತಾರೆ.

೪

ಸುಣ್ಣದ ಅಡಿಯಲ್ಲಿ ಶಾಸನ ಎಷ್ಟೋ ಸಲ ಸುರಕ್ಷಿತವಾಗಿಯೇ ಇರುತ್ತದೆ. ಕೆಡಿ ೪೩೧ರ ವಿಷಯದಲ್ಲಿಯೂ ಹಾಗೆಯೇ ಆಯಿತು. ಸಂಗ್ರಹಾಲಯದ ಕ್ಯುರೇಟರ್ ಡೇವಿಡ್ ಮಾರಿಸ್ ಮತ್ತು ಸಂಗಡಿಗರು ವಿಮಾನವನ್ನು ಸೂಕ್ಷ್ಮವಾಗಿ ಪರೀಕ್ಷಿಸಿದಾಗ, ೧೯೬೩ರ ಬಣ್ಣದ ಕೆಳಗೆ ೧೯೪೪ರ ಕಾರ್ಖಾನೆಯ ಬಣ್ಣವು ಬಹುಮಟ್ಟಿಗೆ ಉಳಿದುಕೊಂಡಿರುವುದು ತಿಳಿದುಬಂದಿತು. ಈಗ ಮಾಡಬೇಕಾದುದೇನು ಎಂಬುದೇ ಪ್ರಶ್ನೆಯಾಯಿತು. ಸಾಮಾನ್ಯ ಪದ್ಧತಿಯಂತೆ ರಾಸಾಯನಿಕ ದ್ರಾವಕಗಳಿಂದ ಹಳೆಯ ಬಣ್ಣವನ್ನೆಲ್ಲ ಕಿತ್ತು, ಲೋಹವನ್ನು ಬೆಳಗಿ, ದಾಖಲೆಗಳನ್ನು ನೋಡಿ ೧೯೪೪ರ ಬಣ್ಣವನ್ನೇ ಹೊಸದಾಗಿ ಬಳಿಯಬಹುದಾಗಿದ್ದಿತು. ನೋಡುವವರಿಗೆ ಅದು ಹೆಚ್ಚು ಸುಂದರವಾಗಿಯೂ ಕಾಣುತ್ತಿದ್ದಿತು. ಆದರೆ ಆಗ ೧೯೪೪ರ ಬಣ್ಣದ ಚಿತ್ರ ಮಾತ್ರ ನಮಗೆ ಸಿಗುತ್ತಿದ್ದಿತು. ೧೯೪೪ರ ಬಣ್ಣವೇ ಶಾಶ್ವತವಾಗಿ ಹೋಗಿಬಿಡುತ್ತಿದ್ದಿತು. ಅವರು ಇನ್ನೊಂದು ದಾರಿಯನ್ನು ಹಿಡಿದರು. ಮೇಲಿನ ಪದರವನ್ನು ಮಾತ್ರ ಕೈಗೆಲಸದಿಂದ, ಅಂಗುಲ ಅಂಗುಲವಾಗಿ, ಕೆಳಗಿನ ಪದರಕ್ಕೆ ಹಾನಿಯಾಗದಂತೆ ತೆಗೆಯುತ್ತ ಬಂದರು. ಇದಕ್ಕೆ ವರ್ಷಗಳೇ ಹಿಡಿದುವು. ಈ ಕೆಲಸದ ವಿವರಗಳನ್ನು ಮಾರಿಸ್ ೨೦೦೬ರಲ್ಲಿ ಪುಸ್ತಕರೂಪದಲ್ಲಿ ಪ್ರಕಟಿಸಿದರು.

ಹಳೆಯ ಬಣ್ಣದಿಂದ ತಿಳಿಯುವುದಾದರೂ ಏನು? ಎರಡನೆಯ ಮಹಾಯುದ್ಧದ ಛಾಯಾಚಿತ್ರಗಳಲ್ಲಿ ಬಹುಪಾಲು ಕಪ್ಪು-ಬಿಳುಪಿನವು. ಬಣ್ಣದ ವಿಷಯದಲ್ಲಿ ಅವು ಮೂಕ. ಆಗ ತೆಗೆದ ಕೆಲವು ಬಣ್ಣದ ಚಿತ್ರಗಳೂ ಕಾಲಕ್ರಮದಲ್ಲಿ ಮಾಸಿ ಛಾಯೆ ಬದಲಿಸಿವೆ. ಇಲಾಖೆಯ ಆದೇಶಗಳಲ್ಲಿ ಬಣ್ಣಗಳ ಹೆಸರುಗಳಿವೆ: ಮೇಲ್ಮೈಗೆ ಎರಡು ಬಗೆಯ ಬೂದುಬಣ್ಣಗಳು, ಕೆಳಮೈಗೆ ತಿಳಿಹಸುರು ಬೆರೆತ ಆಕಾಶದ ಬಣ್ಣ. ಆದರೆ ಅಮೆರಿಕದ ಕಾರ್ಖಾನೆಗಳು ಬ್ರಿಟಿಷ್ ಬಣ್ಣಗಳಿಗೆ ಬದಲಾಗಿ ತಮ್ಮಲ್ಲಿ ದೊರೆಯುತ್ತಿದ್ದ, ಅವಕ್ಕೆ ಸಮೀಪವಾದ ಬಣ್ಣಗಳನ್ನು ಬಳಸುತ್ತಿದ್ದುವು. ಆದೇಶವು ಏನಾಗಬೇಕಾಗಿತ್ತೆಂಬುದನ್ನು ಹೇಳುತ್ತದೆ. ಏನಾಯಿತೆಂಬುದನ್ನು ವಸ್ತು ಹೇಳುತ್ತದೆ. ರಾಜನ ಆಜ್ಞೆಯನ್ನು ಓದಿ ಊರಿನಲ್ಲಿ ನಡೆದುದೂ ಹಾಗೆಯೇ ಎಂದು ನಿರ್ಣಯಿಸುವ ಇತಿಹಾಸಕಾರನು ಎಡವುತ್ತಾನಷ್ಟೆ. ಇಲ್ಲಿಯೂ ಅದೇ ನ್ಯಾಯ.

ಇದಲ್ಲದೆ ಬಣ್ಣವು ಕೆಲಸದ ಕ್ರಮವನ್ನೂ ತನ್ನೊಳಗೆ ಇಟ್ಟುಕೊಂಡಿರುತ್ತದೆ. ಯಾವ ಪದರ ಯಾವುದರ ಮೇಲಿದೆ ಎಂಬುದರಿಂದ ಯಾವ ಗುರುತು ಮೊದಲು, ಯಾವುದು ಅನಂತರ ಎಂದು ನಿರ್ಧರಿಸಬಹುದು. ಭೂಶಾಸ್ತ್ರಜ್ಞನು ಶಿಲಾಸ್ತರಗಳನ್ನು ಓದುವ, ಉತ್ಖನನಕಾರನು ಮಣ್ಣಿನ ಪದರಗಳನ್ನು ಓದುವ ತತ್ತ್ವವೇ ಇದು. ವ್ಯತ್ಯಾಸವೆಂದರೆ ಇಲ್ಲಿ ಸ್ತರದ ದಪ್ಪ ಕೂದಲೆಳೆಗಿಂತ ಹೆಚ್ಚಿಲ್ಲ. ತಗಡಿನ ಅಂಚಿನಲ್ಲಿ ಬಣ್ಣ ತೇಯ್ದಿದ್ದರೆ ಅಲ್ಲಿ ಕಾಲಿಟ್ಟು ಹತ್ತಿದವರು ಬಹಳ ಮಂದಿ ಎಂದರ್ಥ. ಒಂದು ತಗಡಿನ ಬಣ್ಣ ಪಕ್ಕದ್ದರ ಬಣ್ಣಕ್ಕೆ ಹೊಂದದಿದ್ದರೆ ಅದು ಬೇರೆ ಕಡೆಯಿಂದ ಬಂದುದಾಗಿರಬಹುದು. ಕೋರ್ಸೇರುಗಳ ಛಾಯಾಚಿತ್ರಗಳಲ್ಲಿ ಚಾಲಕನ ಮುಂದೆ, ಇಂಧನದ ತೊಟ್ಟಿಯ ಮೇಲಿನ ತಗಡುಗಳ ಸಂದಿಗಳಿಗೆ ಅಂಟುಪಟ್ಟಿ ಹಚ್ಚಿರುವುದು ಹಲವೆಡೆ ಕಾಣುತ್ತದೆ. ಇಂಧನ ಸೋರುತ್ತಿದ್ದುದನ್ನು ತಡೆಯಲು ನೆಲದ ಮೇಲಿನ ಕೆಲಸಗಾರರು ಕಂಡುಕೊಂಡ ಉಪಾಯ ಅದು. ನಕ್ಷೆಕಾರನ ಕಲ್ಪನೆಯಲ್ಲಿ ಸೋರಿಕೆ ಇರಲಿಲ್ಲ, ಅಂಟುಪಟ್ಟಿಯಲ್ಲಿದೆ.

ಆಕ್ರನ್ನಿನ ಕಾರ್ಖಾನೆಯಲ್ಲಿ ದುಡಿದವರಲ್ಲಿ, ಯುದ್ಧದ ಕಾರಣದಿಂದ ಮೊದಲ ಬಾರಿಗೆ ಇಂಥ ಕೆಲಸಕ್ಕೆ ಬಂದ ಹೆಂಗಸರೂ ಬಹಳ ಮಂದಿ ಇದ್ದರು. ಅವರ ಹೆಸರುಗಳು ಚರಿತ್ರೆಯ ಪುಸ್ತಕಗಳಲ್ಲಿ ದೊರೆಯುವುದಿಲ್ಲ. ಡೆಕ್ಕಿನ ಮೇಲೆ ಇಳಿಯಲು ಕಲಿಯುತ್ತಿದ್ದ ತರುಣರಲ್ಲಿ ಶತ್ರುವನ್ನು ಕಾಣುವ ಮೊದಲೇ ಅಪಘಾತಕ್ಕೆ ಬಲಿಯಾದವರು ಅನೇಕರು. ಇಂಥವರ ಕೈಗಳು ಮುಟ್ಟಿದ ಮೇಲ್ಮೈ ಒಂದು ಉಳಿದಿದೆಯೆಂದರೆ, ಅದನ್ನು ಬೆಳಗಿ ಹೊಸದು ಮಾಡುವ ಮುನ್ನ ನಾವು ಎರಡು ಸಲ ಆಲೋಚಿಸಬೇಕು. ಪ್ರಸಿದ್ಧರ ನೆನಪನ್ನು ಗ್ರಂಥಗಳು ಉಳಿಸುತ್ತವೆ. ಉಳಿದವರ ಕುರುಹು ಬಹುಮಟ್ಟಿಗೆ ವಸ್ತುಗಳಲ್ಲಿಯೇ ಇರುತ್ತದೆ.

೫

ಈ ಪದ್ಧತಿಗೆ ಆಕ್ಷೇಪಗಳಿಲ್ಲದಿಲ್ಲ. ಅವುಗಳಲ್ಲಿ ಮೂರನ್ನು ಇಲ್ಲಿ ಪರಿಶೀಲಿಸುವುದು ಯುಕ್ತ.

ಮೊದಲನೆಯದು: ಯಂತ್ರದ ಸಾರ್ಥಕ್ಯ ಅದು ನಡೆಯುವುದರಲ್ಲಿದೆ; ಹಾರದ ವಿಮಾನ ಶವದಂತೆ. ೧೮ ಸಿಲಿಂಡರುಗಳ ಎಂಜಿನಿನ ಮೊಳಗನ್ನು ಯಾವ ಪುಸ್ತಕವೂ ಕೇಳಿಸಲಾರದೆಂಬುದು ನಿಜ. ಹಾರುವ ಸ್ಥಿತಿಯಲ್ಲಿ ಉಳಿಸಿಕೊಂಡ ಕೋರ್ಸೇರುಗಳು ಅಮೆರಿಕದಲ್ಲಿಯೂ ಬೇರೆಡೆಗಳಲ್ಲಿಯೂ ಇವೆ. ಅವುಗಳಿಂದ ಚಾಲನೆಯ, ರಿಪೇರಿಯ ಕೌಶಲಗಳು ಅಳಿಯದೆ ಉಳಿದಿವೆ. ಆದರೆ ಹಾರಬೇಕಾದ ವಿಮಾನ ಸುರಕ್ಷಿತವಾಗಿಯೂ ಇರಬೇಕು. ಸವೆದ ತಗಡು, ದಣಿದ ಲೋಹ, ಹಳೆಯ ತಂತಿ, ಹಳೆಯ ಬಟ್ಟೆಗಳನ್ನು ಅದು ಇಟ್ಟುಕೊಳ್ಳುವಂತಿಲ್ಲ. ಒಂದೊಂದಾಗಿ ಎಲ್ಲವೂ ಬದಲಾಗುತ್ತವೆ. ಥೀಸಿಯಸ್ಸನ ಹಡಗಿನ ಹಲಗೆಗಳನ್ನು ಅಥೆನ್ಸಿನವರು ಒಂದೊಂದಾಗಿ ಬದಲಿಸುತ್ತ ಬಂದಾಗ ಅದು ಅದೇ ಹಡಗೋ ಅಲ್ಲವೋ ಎಂದು ತತ್ತ್ವಜ್ಞರು ವಾದಿಸಿದರೆಂದು ಪ್ಲುಟಾರ್ಕನು ಬರೆದಿದ್ದಾನೆ. ಹಡಗಿನ ಆಕಾರ, ಹೆಸರು, ಪರಂಪರೆಗಳೇ ಮುಖ್ಯವೆನ್ನುವವನಿಗೆ ಅದು ಅದೇ ಹಡಗು. ಮೂಲದ ಮರವನ್ನು ಪರೀಕ್ಷಿಸಬೇಕೆನ್ನುವವನಿಗೆ ಅಲ್ಲ. ಆದುದರಿಂದ ಹಾರುವ ವಿಮಾನಗಳೂ ಬೇಕು, ಮುಟ್ಟದೆ ಉಳಿಸಿದವೂ ಬೇಕು. ಆದರೆ ಎರಡನ್ನೂ ಒಂದೇ ವಿಮಾನದಿಂದ ಬಯಸಲಾಗದು. ಒಂದೇ ಉಳಿದಿದ್ದರೆ ಯಾವುದನ್ನು ಆರಿಸಬೇಕೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಬ್ರಿಟಿಷರ 'ಫುಲ್ಮಾರ್' ಎಂಬ ನೌಕಾ ಯುದ್ಧವಿಮಾನಗಳು ೬೦೦ ತಯಾರಾಗಿದ್ದುವು. ಇಂದು ಯೋವಿಲ್ಟನ್ನಿನಲ್ಲಿರುವ ಒಂದೇ ಒಂದು ಪೂರ್ಣರೂಪದಲ್ಲಿ ಉಳಿದಿದೆ. ಅದನ್ನು ಹಾರಿಸಿ ಕಳೆದುಕೊಂಡರೆ ಮತ್ತೊಂದಿಲ್ಲ.

ಎರಡನೆಯದು: ಮಾಸಿದ, ಸಿಪ್ಪೆಯೆದ್ದ ವಸ್ತುವನ್ನು ನೋಡಲು ಜನ ಬಯಸುವುದಿಲ್ಲ, ಜನರಿಲ್ಲದ ಸಂಗ್ರಹಾಲಯಕ್ಕೆ ಹಣವಿಲ್ಲ. ಇದು ವ್ಯವಹಾರದ ಮಾತು, ಕಡೆಗಣಿಸತಕ್ಕದ್ದಲ್ಲ. ಆದರೆ ಜನ ನೋಡಲು ಬಯಸದಿರುವುದು ಹಳತನ್ನಲ್ಲ, ವಿವರಣೆಯಿಲ್ಲದ ಹಳತನ್ನು. ಇಲ್ಲಿ ಕಾಣುವ ಬಣ್ಣ ೧೯೪೪ರಲ್ಲಿ ಬಳಿದುದು, ಇಂದಿನವರು ಬಳಿದುದಲ್ಲ ಎಂಬ ಒಂದು ವಾಕ್ಯವು ನೋಟಕನ ದೃಷ್ಟಿಯನ್ನೇ ಬದಲಿಸಬಲ್ಲುದು. ಯೋವಿಲ್ಟನ್ನಿನವರು ಇದೇ ಕ್ರಮವನ್ನು ಅನಂತರ 'ಮಾರ್ಟ್ಲೆಟ್' ಎಂಬ ಇನ್ನೊಂದು ನೌಕಾ ಯುದ್ಧವಿಮಾನಕ್ಕೂ ಅನ್ವಯಿಸಿದರು. ಫಲವಿಲ್ಲದ ಕ್ರಮವನ್ನು ಯಾರೂ ಎರಡನೆಯ ಸಲ ಕೈಗೊಳ್ಳುವುದಿಲ್ಲ.

ಮೂರನೆಯ ಆಕ್ಷೇಪವೇ ಅತ್ಯಂತ ಗಹನವಾದುದು. ೧೯೪೪ರ ಬಣ್ಣವು ಇತಿಹಾಸವಾದರೆ ೧೯೬೩ರ ಬಣ್ಣವೂ ಇತಿಹಾಸವಲ್ಲವೆ? ಯುದ್ಧ ಮುಗಿದು ಇಪ್ಪತ್ತು ವರ್ಷಗಳಾಗುವ ಹೊತ್ತಿಗೆ ಒಂದು ಜನಾಂಗ ತನ್ನ ಯುದ್ಧವನ್ನು ಹೇಗೆ ನೆನೆಯಲು ಬಯಸಿತು ಎಂಬುದಕ್ಕೆ ಆ ಹೊಳೆಯುವ ಬಣ್ಣವೇ ಸಾಕ್ಷಿ. ಅದನ್ನು ಕೆರೆದು ತೆಗೆಯುವವನು ಒಂದು ದಾಖಲೆಯನ್ನು ಓದಲು ಇನ್ನೊಂದನ್ನು ನಾಶಮಾಡುತ್ತಾನೆ. ಈ ಆಕ್ಷೇಪಕ್ಕೆ ಪೂರ್ಣವಾದ ಸಮಾಧಾನವಿಲ್ಲವೆಂದೇ ನಮ್ಮ ಅಭಿಪ್ರಾಯ. ಉತ್ಖನನಕಾರನೂ ಕೆಳಗಿನ ಸ್ತರವನ್ನು ಮುಟ್ಟಲು ಮೇಲಿನ ಸ್ತರವನ್ನು ತೆಗೆಯಲೇಬೇಕು. ಮೇಲಿನದನ್ನು ಅಳೆದು, ಬರೆದು, ಚಿತ್ರಿಸಿ, ಆಮೇಲೆ ತೆಗೆಯುವುದೇ ಅವನ ಪ್ರಾಮಾಣಿಕತೆ. ಇಲ್ಲಿಯೂ ಮೂರು ನಿಯಮಗಳನ್ನು ಪಾಲಿಸಬೇಕಾಗುತ್ತದೆ. ತೆಗೆಯುವ ಪದರವನ್ನು ಮೊದಲು ಸಮಗ್ರವಾಗಿ ದಾಖಲಿಸಬೇಕು. ಹೆಚ್ಚು ಅಪೂರ್ವವಾದುದಕ್ಕಾಗಿ ಮಾತ್ರ ಕಡಿಮೆ ಅಪೂರ್ವವಾದುದನ್ನು ಬಿಟ್ಟುಕೊಡಬೇಕು. ಬೇರೆ ಎಲ್ಲಿಯೂ ದೊರೆಯದ ಸಾಕ್ಷ್ಯವನ್ನು ಯಾವ ಸೌಂದರ್ಯಕ್ಕಾಗಿಯೂ ಬಲಿಕೊಡಬಾರದು. ೧೯೬೩ರ ಬಣ್ಣವಿದ್ದ ವಿಮಾನದ ಛಾಯಾಚಿತ್ರಗಳು ಉಳಿದಿವೆ. ಅದನ್ನು ಬೇಕಾದಾಗ ಮತ್ತೆ ಬಳಿಯಲೂಬಹುದು. ೧೯೪೪ರ ಮೇಲ್ಮೈಯನ್ನು ಮತ್ತೆ ಸೃಷ್ಟಿಸುವುದು ಯಾರಿಂದಲೂ ಸಾಧ್ಯವಿಲ್ಲ. ಮರಳಿ ಪಡೆಯಬಹುದಾದುದು ಯಾವುದು, ಪಡೆಯಲಾಗದುದು ಯಾವುದು ಎಂಬ ಈ ಭೇದವೇ ಸಂರಕ್ಷಣೆಯ ತಿರುಳು.

೬

ಈ ವಿಚಾರ ದೂರದ ದೇಶವೊಂದಕ್ಕೆ ಮಾತ್ರ ಸಂಬಂಧಪಟ್ಟುದಲ್ಲ. ನಮ್ಮ ನೌಕಾಪಡೆಯು ೧೯೫೫ರಲ್ಲಿ 'ಫೈರ್‌ಫ್ಲೈ' ಎಂಬ ಪಿಸ್ಟನ್ ಎಂಜಿನಿನ ವಿಮಾನಗಳನ್ನು ಪಡೆದು ಕೊಚ್ಚಿಯಲ್ಲಿ ಬಳಸಿತು. ಯುದ್ಧಕಾಲದಲ್ಲಿ ಬ್ರಿಟಿಷ್ ನೌಕೆಗಳಿಂದ ಕಾದಾಡಿದ ಜಾತಿಯೇ ಅದು. ನಮ್ಮಲ್ಲಿಗೆ ಬಂದವು ಗುಂಡಿನ ಅಭ್ಯಾಸಕ್ಕೆ ಗುರಿಯನ್ನು ಎಳೆದುಕೊಂಡು ಹಾರುವಂತೆ ಮಾರ್ಪಡಿಸಿದವು. ಅವುಗಳಲ್ಲಿ ಒಂದು, ೧೯೯೮ರಲ್ಲಿ ಗೋವೆಯಲ್ಲಿ ಪ್ರಾರಂಭವಾದ ನೌಕಾ ವಿಮಾನ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮ ಕರಾವಳಿಯ ಉಪ್ಪುಗಾಳಿ, ಮುಂಗಾರಿನ ಮಳೆ, ಬೇಸಿಗೆಯ ಬಿಸಿಲುಗಳು ಅಲ್ಯೂಮಿನಿಯಮ್ಮಿಗೂ ಬಣ್ಣಕ್ಕೂ ಇಂಗ್ಲೆಂಡಿನ ಹವೆಗಿಂತ ಹೆಚ್ಚು ಕ್ರೂರವಾದುವು. ಬಯಲಿನಲ್ಲಿ ನಿಂತ ವಿಮಾನಕ್ಕೆ ಮತ್ತೆ ಮತ್ತೆ ಬಣ್ಣ ಬಳಿಯದಿದ್ದರೆ ಲೋಹವೇ ತಿಂದುಹೋಗುತ್ತದೆ. ಬಳಿದರೆ ಹಳೆಯ ಗುರುತುಗಳು ಮುಚ್ಚಿಹೋಗುತ್ತವೆ. ಇಲ್ಲಿ ಸಂರಕ್ಷಣೆಯೆಂದರೆ ಮೊದಲನೆಯದಾಗಿ ನೆರಳು ಮತ್ತು ಸೂರು. ಅದು ಒದಗುವ ತನಕ, ಪ್ರತಿಸಲ ಬಣ್ಣ ಬಳಿಯುವ ಮುನ್ನ ಕೆಳಗಿರುವುದನ್ನು ಛಾಯಾಚಿತ್ರ ತೆಗೆದು ಬರೆದಿಟ್ಟುಕೊಳ್ಳುವುದು. ಕೆರೆದು ತೆಗೆಯದೆ ಮೇಲೆಯೇ ಬಳಿಯುವುದು. ಈ ಎಚ್ಚರಕ್ಕೆ ದೊಡ್ಡ ವೆಚ್ಚ ಬೇಕಾಗಿಲ್ಲ. ಒಂದು ದಿನಚರಿಯೂ ಒಂದಿಷ್ಟು ತಾಳ್ಮೆಯೂ ಸಾಕು.

ಕಾಲೇಜುಗಳ ವಿದ್ಯಾರ್ಥಿಗಳು ಇಂಥ ಸಂಗ್ರಹಾಲಯಗಳಿಗೆ ಹೋದಾಗ ಫಲಕದಲ್ಲಿ ಬರೆದ ವೇಗ, ಭಾರ, ಉದ್ದಗಳನ್ನು ಗುರುತುಮಾಡಿಕೊಂಡು ಹಿಂದಿರುಗುವುದು ವಾಡಿಕೆ. ಆ ಅಂಕಿಗಳು ಯಾವ ಪುಸ್ತಕದಲ್ಲಿಯಾದರೂ ದೊರೆತಾವು. ಅಲ್ಲಿಗೆ ಹೋದವರು ಕೇಳಬೇಕಾದ ಪ್ರಶ್ನೆಗಳು ಬೇರೆ: ಈ ವಸ್ತುವಿನಲ್ಲಿ ಮೂಲದ್ದು ಎಷ್ಟು, ಅನಂತರ ಸೇರಿದ್ದು ಎಷ್ಟು? ಇದಕ್ಕೆ ಕಡೆಯ ಸಲ ಬಣ್ಣ ಬಳಿದವರು ಯಾರು, ಯಾವ ಆಧಾರದಿಂದ? ಇಂಥ ವಸ್ತುಗಳೆಲ್ಲ ನಾಶವಾದಾಗ ಇದೊಂದು ಉಳಿದುದು ಯಾವ ಕಾರಣದಿಂದ? ಓಲೆಗರಿಯ ಪ್ರತಿಯನ್ನು ಕೈಗೆತ್ತಿಕೊಂಡ ಸಂಪಾದಕನು ಕೇಳುವುದೂ ಇವೇ ಪ್ರಶ್ನೆಗಳನ್ನು. ಕೆಡಿ ೪೩೧ರ ಮೇಲೆ ದುಡಿದವರು ಹೊಸದಾಗಿ ಏನನ್ನೂ ಸೃಷ್ಟಿಸಲಿಲ್ಲ. ಪ್ರಕ್ಷೇಪವನ್ನು ಬೇರ್ಪಡಿಸಿ ಮೂಲಪಾಠವನ್ನು ಓದುವವರ ಮುಂದಿಟ್ಟರು. ಅವರು ತಮಗೆ ಕಾಣದುದನ್ನು ಮುಂದಿನವರು ಕಂಡಾರೆಂದು ಆ ಮೇಲ್ಮೈಯನ್ನು ಹಾಗೆಯೇ ಬಿಟ್ಟಿದ್ದಾರೆ. ಇಂದು ಯಾರಿಗೂ ಹೊಳೆಯದ ಪ್ರಶ್ನೆಯೊಂದನ್ನು ಐವತ್ತು ವರ್ಷಗಳ ಮೇಲೆ ಯಾವನಾದರೂ ವಿದ್ಯಾರ್ಥಿಯು ಆ ಬಣ್ಣಕ್ಕೆ ಕೇಳಿದರೆ, ಉತ್ತರ ಕೊಡಲು ಬಣ್ಣ ಅಲ್ಲಿರುತ್ತದೆ.